ಗೊಂಡೆ ಕಟ್ಟಿದ ಆಲ್ಟೊ

ನಮ್ಮ ಕಡೆ ಸಂತೆಯಿಂದ ಎತ್ತು ಹಿಡಿದುಕೊಂಡು ಬಂದವರು ಅದನ್ನು ಬರಿಮೈಯಲ್ಲಿ ಊರೊಳಗೆ ಹೊಗಿಸುವುದಿಲ್ಲ. ದಾರಿಯಲ್ಲೇ ಕೊರಳಿಗೆ ಗೆಜ್ಜೆಸರ ಬಿದ್ದಿರುತ್ತದೆ, ಹಣೆಗೆ ಗೊಂಡೆ ಬಂದಿರುತ್ತದೆ. ಕಾರಹುಣ್ಣಿಮೆ ಬಂತೆಂದರೆ ಕೋಡಿಗೆ ಬಣ್ಣ, ಮೈಗೆ ಗುಲಾಲು, ಬೆನ್ನಿಗೆ ಝೂಲ. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಹೋದವನು ಎತ್ತು ಕೊಳ್ಳದೆ ಬಂದಾನು, ಎತ್ತಿನ ಸಾಮಾನು ಕೊಳ್ಳದೆ ಬರಲಾರ. ಕೊಟ್ಟಿಗೆಯಲ್ಲಿ ಎತ್ತೇ ಇಲ್ಲದವನೂ ಒಂದು ಜೊತೆ ಗೊಂಡೆ ತಂದು ಪಡಸಾಲೆಯ ಗೂಟಕ್ಕೆ ತೂಗುಹಾಕುತ್ತಾನೆ. ಇಂಥ ಜನರ ಕೈಗೆ ಕಾರು ಕೊಟ್ಟು, ಕಂಪನಿಯವರು ಹೇಗೆ ಮಾಡಿಕೊಟ್ಟಿದ್ದಾರೋ ಹಾಗೇ ಇಟ್ಟುಕೊಳ್ಳಿ ಎಂದರೆ ನಡೆಯುವ ಮಾತೇ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದು ಹೆಚ್ಚೂಕಡಿಮೆ ಅದನ್ನೇ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ, ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸಕೂಡದು ಎಂದು ಒತ್ತಿ ಹೇಳಿತು. ಕಾಯ್ದೆ ಬರೆದವರಲ್ಲಿ ಒಬ್ಬರಾದರೂ ಕಾರಹುಣ್ಣಿಮೆಯ ಸಂಜೆ ನಮ್ಮ ಓಣಿಯಲ್ಲಿ ನಿಂತಿದ್ದರೆ ಆ ಕಲಮಿಗೆ ಒಂದು ಉಪಕಲಮು ಸೇರಿಸುತ್ತಿದ್ದರು ಎಂದು ನನ್ನ ನಂಬಿಕೆ.

ನನ್ನದು 2009ರ ಬಿಳಿ ಆಲ್ಟೊ. ಮೂರು ಸಿಲಿಂಡರು, 796 ಸಿಸಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿದಾಗ ಅದರ ಎಂಜಿನ್ನಿನ ಅಳತೆಯೂ ಇದೇ 796 ಸಿಸಿ. ಅಂದರೆ ಗಾಡಿ ಸಣ್ಣದಾದರೂ ಮನೆತನ ಹಳೆಯದು. ಸಹಕಾರಿ ಸಂಘಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸವಾದ್ದರಿಂದ ದಿನವೂ ಒಂದಲ್ಲ ಒಂದು ದಿಕ್ಕಿಗೆ ಓಡಾಟ. ಎಲ್ಲ ದಿಕ್ಕಿಗೂ ನೆಂಟರಿದ್ದಾರೆ. ಇಂಡಿಯಲ್ಲಿ ಮನೆ, ಸಿಂದಗಿಯಲ್ಲಿ ಹೆಂಡತಿಯ ತವರು, ಮುದ್ದೇಬಿಹಾಳಕ್ಕೆ ಕೊಟ್ಟ ಅಕ್ಕ, ಬಸವನ ಬಾಗೇವಾಡಿಯಲ್ಲಿ ಅವ್ವನ ತವರು. ಕೆಲಸ ಮುಗಿಸಿ ಯಾರ ಮನೆಗೆ ಊಟಕ್ಕೆ ಹೋದರೂ ಅವರು ಕೈತೊಳೆಯಲು ನೀರು ಕೊಡುವ ಮೊದಲು ಗಾಡಿಯನ್ನೊಮ್ಮೆ ಸುತ್ತಿ ನೋಡುತ್ತಾರೆ. ಸುತ್ತಿ ನೋಡಿದವರು ಸುಮ್ಮನಿರುವುದಿಲ್ಲ. ಹೀಗಾಗಿ ಈ ಗಾಡಿಯ ಮೇಲೆ ಬಂದು ಕೂತ ಒಂದೊಂದು ವಸ್ತುವಿಗೂ ಒಬ್ಬೊಬ್ಬ ವಾರಸುದಾರನಿದ್ದಾನೆ. ನನ್ನದು ಎಂದು ಬೆರಳು ಮಾಡಿ ತೋರಿಸಬಹುದಾಗಿದ್ದದ್ದು ಸಾಲದ ಕಂತು ಮಾತ್ರ.

ಮೊದಲ ತಕರಾರು ಅಪ್ಪನದು. ಇಂಡಿ ಅಂದರೆ ಲಿಂಬೆ, ಅದೂ ಜಿಐ ಟ್ಯಾಗ್ ಪಡೆದ ಲಿಂಬೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ನಮ್ಮೂರಲ್ಲೇ. ಇಂಥ ಊರಲ್ಲಿ ಹೊಸ ಗಾಡಿಯ ಗಾಲಿಗೆ ಅಂಗಡಿಯ ಲಿಂಬೆಕಾಯಿ ಇಡುವುದು ಮರ್ಯಾದೆಯ ಪ್ರಶ್ನೆ ಎಂದು ಅಪ್ಪ ಪರಿಚಯದವರ ತೋಟಕ್ಕೆ ಹೋಗಿ, ಒಂದೇ ಅಳತೆಯ ನಾಲ್ಕು ಆರಿಸಿ ತಂದಿದ್ದರು. ಪೂಜೆಯಾಯಿತು, ಗಾಡಿ ಮುಂದೆ ಹೋಯಿತು. ಮೂರು ಒಡೆದವು. ನಾಲ್ಕನೆಯದು ಗಾಲಿಯ ಬದಿಯಿಂದ ಪುಟಿದು, ಮೈಗೆ ಒಂದು ಗೀರೂ ಇಲ್ಲದೆ ಗಟಾರಕ್ಕೆ ಬಿತ್ತು. ನೆರೆದವರು ನಕ್ಕರು, ಅಪ್ಪ ನಗಲಿಲ್ಲ.

"ಗಾಲಿ ಹಾದ ಮ್ಯಾಲೂ ಲಿಂಬಿ ಲಿಂಬಿನೇ ಉಳೀತಂದ್ರ ಇದೇನ್ ಗಾಡಿನೋ? ಮೊದಲ ಗಾಲಿ ಬದಲಿ ಮಾಡು."

ಕಂಪನಿ ಕೊಟ್ಟಿದ್ದ ಟೈರಿನ ಅಳತೆ 145/80 ಆರ್ 12. ಟೈರಿನ ಮೈಮೇಲೆ ಬರೆದ ಈ ಅಂಕಿಗಳನ್ನು ಓದುವುದು ಕಷ್ಟವೇನಲ್ಲ. 145 ಮಿಲಿಮೀಟರ್ ಅಗಲ, ಆ ಅಗಲದ ಶೇ. 80ರಷ್ಟು ಎತ್ತರದ ಗೋಡೆ, 12 ಇಂಚಿನ ರಿಮ್ಮು. ಎಲ್ಲ ಕೂಡಿಸಿದರೆ ಗಾಲಿಯ ಪೂರ್ತಿ ಎತ್ತರ ಸುಮಾರು 537 ಮಿಲಿಮೀಟರ್. ಮದುವೆಯ ಬಟ್ಟೆಗೂ ಗಾಡಿಯ ಸಾಮಾನಿಗೂ ಸೊಲ್ಲಾಪುರಕ್ಕೆ ಹೋಗುವುದು ಇಂಡಿಯವರ ರೂಢಿ. ಅಲ್ಲಿಯ ಅಂಗಡಿಯವನು 13 ಇಂಚಿನ ರಿಮ್ಮಿಗೆ 145/80 ಟೈರು ಏರಿಸಿ ಕೊಟ್ಟ. ಎತ್ತರ 562 ಮಿಲಿಮೀಟರ್ ಆಯಿತು. ಗಾಡಿ ಒಂದು ಬೆರಳು ಮೇಲೆದ್ದಿತು, ಅಪ್ಪನ ಮುಖವೂ ಅರಳಿತು.

ಅದರ ಹಿಂದೆಯೇ ಲೆಕ್ಕ ತಪ್ಪಲು ಶುರುವಾಯಿತು. ಲೆಕ್ಕ ತಪಾಸಣೆ ಮಾಡುವವನ ಗಾಡಿಯಲ್ಲೇ ಲೆಕ್ಕ ತಪ್ಪಿದರೆ ಯಾರಿಗೆ ಹೇಳುವುದು? ಮೀಟರು ಎಣಿಸುವುದು ಗಾಲಿಯ ಸುತ್ತುಗಳನ್ನು. ಗಾಲಿ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ, ಆದರೆ ಮೀಟರಿಗೆ ಆ ಸುದ್ದಿ ಮುಟ್ಟುವುದಿಲ್ಲ. ನಿಜವಾಗಿ 100 ಕಿಲೋಮೀಟರ್ ಓಡಿದರೆ ಅದು ತೋರಿಸುವುದು 95 ಚಿಲ್ಲರೆ. ಮುಳ್ಳು 60ರ ಮೇಲಿದ್ದಾಗ ಗಾಡಿ 63ರ ಹತ್ತಿರ ಓಡುತ್ತಿರುತ್ತದೆ. ಮನೆಯಲ್ಲಿ ಎಲ್ಲರೂ "ಮೈಲೇಜ್ ಬಿತ್ತು, ಮೈಲೇಜ್ ಬಿತ್ತು" ಎಂದು ಗೋಳಾಡಿದರು. ಪೆಟ್ರೋಲು ಕುಡಿದದ್ದು ಹೆಚ್ಚೇನೂ ಅಲ್ಲ, ಓಡಿದ್ದನ್ನು ಬರೆದುಕೊಂಡದ್ದು ಕಡಿಮೆ. ಪ್ರಯಾಣ ಭತ್ಯೆಯ ಬಿಲ್ಲಿಗೆ ಮಾತ್ರ ನಾನು ಮೀಟರಿನ ಅಂಕಿಯನ್ನೇ ಬರೆಯುತ್ತಿದ್ದೆ. ನೂರಕ್ಕೆ ನಾಲ್ಕೂವರೆ ಕಿಲೋಮೀಟರು ಸರ್ಕಾರಕ್ಕೆ ಸುಮ್ಮನೆ ದಾನವಾಗುತ್ತಿತ್ತು. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿದಾಗ ಅವರು, "ಹಂಗಾದ್ರ ಗಾಡಿ ಹಳೇದಾಗೂದೂ ಕಡಿಮಿ ಆತಲ್ಲೋ, ಮಾರೂ ಮುಂದ ಲಾಭ" ಅಂದರು. ವ್ಯವಹಾರದಲ್ಲಿ ಅವರ ತಲೆ ನನಗಿಂತ ಒಂದು ಗಾಲಿ ಮುಂದೆ.

ಇನ್ನೊಂದು ತೊಡಕೂ ಇತ್ತು. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರೆ ದೊಡ್ಡ ಗಾಲಿ ಒಳಗಿನ ಪ್ಲಾಸ್ಟಿಕ್ಕಿಗೆ ತಿಕ್ಕಿ ಗರಗರ ಅನ್ನುತ್ತಿತ್ತು. ಸಿಂದಗಿಯ ಮಿಸ್ತ್ರಿ ಗಾಡಿಯ ಕೆಳಗೆ ತಲೆ ಹಾಕಿ, ಹೊರಗೆ ತೆಗೆದು, ಬೀಡಿ ಹಚ್ಚಿ ಬಹಳ ಹೊತ್ತು ವಿಚಾರ ಮಾಡಿದ.

"ಸಾಹೇಬ್ರ, ಅಷ್ಟ್ಯಾಕ ತಿರಗಸ್ತೀರಿ?"

ಪರಿಹಾರ ಅಷ್ಟೇ. ಅಂದಿನಿಂದ ನಾನು ಎಲ್ಲಿಯೂ ಪೂರ್ತಿ ತಿರುಗಿಲ್ಲ.

ಈ ಮಿಸ್ತ್ರಿಯ ಸಂಬಂಧ ಕೂಡಿಬಂದದ್ದು ಹಂಪುಗಳಿಂದ. ವಿಜಯಪುರ ಜಿಲ್ಲೆಯ ಎರೆನೆಲವನ್ನು ಬಲ್ಲವರಿಗೆ ಇಲ್ಲಿಯ ರಸ್ತೆಯ ಸ್ವಭಾವ ಹೇಳಬೇಕಿಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಹಾಸಿದ ಡಾಂಬರು ಪಾಪ ಏನು ಮಾಡೀತು? ನೆಲ ಎದ್ದಲ್ಲಿ ತಾನೂ ಏಳುತ್ತದೆ, ಕೂತಲ್ಲಿ ತಾನೂ ಕೂರುತ್ತದೆ. ಡೋಣಿ ನದಿಯ ಬಯಲಿನಲ್ಲಂತೂ ಒಳ್ಳೆಯ ಹಿಂಗಾರಿ ಜೋಳ ಬೆಳೆಯುವ ನೆಲವೇ ರಸ್ತೆಗೆ ಅತಿ ಕೆಟ್ಟ ನೆಲ. ನಿಸರ್ಗ ಮಾಡಿದ ಈ ಏರಿಳಿತ ಸಾಲದೆಂದು ಹಳ್ಳಿಯವರು ತಮ್ಮದೊಂದನ್ನು ಸೇರಿಸುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು ಎಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಹಂಪು ಹುಟ್ಟುವುದು ಬೇರೆ ರೀತಿ. ಯಾರದೋ ಕುರಿ ಗಾಡಿಗೆ ಸಿಕ್ಕ ರಾತ್ರಿ ಹತ್ತು ಜನ ಸೇರಿ, ಕಲ್ಲು ಮಣ್ಣು ಸಿಮೆಂಟು ಕೈಗೆ ಸಿಕ್ಕದ್ದು ಸುರಿದು ಬೆಳಗಾಗುವುದರೊಳಗೆ ಕಟ್ಟಿದ್ದು ಅದು. ಅದಕ್ಕೆ ಏರುವ ಬದಿ ಇಳಿಯುವ ಬದಿ ಎಂಬ ಭೇದವಿಲ್ಲ. ಕುರಿಯ ಮೇಲಿನ ದುಃಖ ಎಷ್ಟೋ ಎತ್ತರ ಅಷ್ಟು.

ನನ್ನ ಗಾಡಿಯ ನೆಲದೆತ್ತರ 160 ಮಿಲಿಮೀಟರ್. ಅದು ಖಾಲಿ ನಿಂತಾಗಿನ ಲೆಕ್ಕ. ಮುಂದೆ ನಾನು ಮತ್ತು ಅಪ್ಪ, ಹಿಂದೆ ಅವ್ವ, ಹೆಂಡತಿ, ಅತ್ತೆ, ಅವರ ತೊಡೆಯ ಮೇಲೆ ಮೊಮ್ಮಗ, ಡಿಕ್ಕಿಯಲ್ಲಿ ಸೀರೆಗಂಟು, ಸಜ್ಜಿ ರೊಟ್ಟಿಯ ಬುತ್ತಿ, ಶೇಂಗಾ ಹಿಂಡಿಯ ಡಬ್ಬಿ, ಅರ್ಧ ಚೀಲ ಜೋಳ. ಆಗ ಉಳಿಯುವ ಎತ್ತರವನ್ನು ಕಂಪನಿ ಎಲ್ಲಿಯೂ ಛಾಪಿಸಿಲ್ಲ. ಆದ್ದರಿಂದ ಹಂಪು ಕಂಡ ಕೂಡಲೇ ನಾನು ನಿಲ್ಲಿಸುತ್ತಿದ್ದೆ. ಯಾರೂ ಯಾರಿಗೂ ಹೇಳಬೇಕಿರಲಿಲ್ಲ. ಹಿಂದಿನ ಬಾಗಿಲು ತೆರೆಯುತ್ತಿತ್ತು, ಎಲ್ಲರೂ ಸೀರೆಯ ನಿರಿಗೆ ಹಿಡಿದು ಇಳಿದು, ಹಂಪನ್ನು ಕಾಲ್ನಡಿಗೆಯಲ್ಲಿ ದಾಟಿ, ಆಚೆ ದಡದಲ್ಲಿ ಗಾಡಿಗಾಗಿ ಕಾಯುತ್ತಿದ್ದರು. ಒಮ್ಮೆ ಸಿಂದಗಿಯ ಹಾದಿಯ ಒಂದು ಹಳ್ಳಿಯಲ್ಲಿ ಹೀಗೆ ಇಳಿದಾಗ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಅವ್ವನನ್ನು "ಯಾವೂರಾಕಿ ತಂಗಿ ನೀ?" ಅಂದಳು. ಮಾತಿಗೆ ಮಾತು ಬೆಳೆದು, ಬಾಗೇವಾಡಿಯ ಕಡೆಯ ಯಾವುದೋ ಸಂಬಂಧ ಹೊರಬಿದ್ದು, ಚಹಾ ಆಗಿ, ಮೇಲೆ ಅವಲಕ್ಕಿಯೂ ಆಗಿ, ನಾನು ಹಂಪಿನ ಆಚೆ ಎಂಜಿನ್ ಆರಿಸಿಕೊಂಡು ಕೂತೆ. ಹೊರಟಾಗ ಡಿಕ್ಕಿಗೆ ಒಂದು ಕುಂಬಳಕಾಯಿ ಬಂದಿತ್ತು. ಮುಂದಿನ ಹಂಪಿಗೆ ಅದನ್ನೂ ಇಳಿಸಬೇಕಾಯಿತು.

ಇದಕ್ಕೆ ಮಿಸ್ತ್ರಿ ಹೇಳಿದ ಔಷಧ ಸ್ಪ್ರಿಂಗಿನ ಬಫರು. ಸುರುಳಿಯ ಸಂದಿನಲ್ಲಿ ಸಿಕ್ಕಿಸುವ ರಬ್ಬರಿನಂಥ ದಪ್ಪ ಬಳೆ ಅದು. ಆ ಜಾಗದ ಸುರುಳಿ ಕುಗ್ಗದಂತಾಗಿ ಸ್ಪ್ರಿಂಗು ಬಿರುಸಾಗುತ್ತದೆ, ಭಾರ ಬಿದ್ದಾಗ ಗಾಡಿಯ ಹಿಂಭಾಗ ನೆಲ ಹಿಡಿಯುವುದು ತಪ್ಪುತ್ತದೆ. ತಪ್ಪಿತು, ಸುಳ್ಳಲ್ಲ. ಹಂಪಿಗೆ ಇಳಿಯುವುದು ನಿಂತಿತು. ಅದರ ಬದಲು, ಹಿಂದೆ ಯಾರೂ ಇಲ್ಲದ ದಿನ ಸಣ್ಣ ಕಲ್ಲು ಹಾಯ್ದರೂ ಗಾಡಿ ನನ್ನನ್ನು ಸೀಟಿನಿಂದ ಎತ್ತಿ ಛಾವಣಿಗೆ ಪರಿಚಯ ಮಾಡಿಕೊಡುತ್ತಿತ್ತು. "ಭಾರ ಇರಲಾರದ ಹಂಗ ಆಕ್ಕೈತ್ರಿ, ಹಿಂದ ಯಾರನರೆ ಕೂಡಿಸಿಕೊಂಡು ಹೋಗ್ರಿ" ಅಂದ ಮಿಸ್ತ್ರಿ. ಆಫೀಸಿಗೆ ಹೋಗುವಾಗ ಎರಡು ಚೀಲ ಜೋಳವನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋದದ್ದುಂಟು. ಸಂಘಕ್ಕೆ ಲಂಚ ತೆಗೆದುಕೊಂಡು ಹೋಗುವ ಆಡಿಟರನ್ನು ಜಿಲ್ಲೆ ಅದೇ ಮೊದಲು ಕಂಡಿರಬೇಕು.

ಮುದ್ದೇಬಿಹಾಳದ ಅಧ್ಯಾಯ ಸಣ್ಣದು, ಆದರೆ ಸದ್ದಿನದು. ಅಕ್ಕನ ಮಗ ಕಾಲೇಜಿನವನು. "ಮಾಮಾ, ನಿಮ್ಮ ಗಾಡ್ಯಾಗ ಬೇಸೇ ಇಲ್ಲ" ಎಂದು ಮರುಗಿ, ಗೆಳೆಯನಿಂದ ಒಂದು ಬೇಸ್ ಟ್ಯೂಬ್ ತಂದು ಡಿಕ್ಕಿಯಲ್ಲಿ ಕೂರಿಸಿದ. ಜೋಳದ ಚೀಲಕ್ಕೆ ಇದ್ದ ಜಾಗವನ್ನು ಅದು ತಿಂದಿತು. ಅಪ್ಪ ಅದರ ಬಾಯಿಯೊಳಗೆ ಕೈಹಾಕಿ ನೋಡಿ, "ಇದರಾಗ ಎಷ್ಟ್ ಸೇರು ಹಿಡೀತೈತಿ?" ಎಂದು ಕೇಳಿದರು. ಏನೂ ಹಿಡಿಯುವುದಿಲ್ಲ, ಗಾಳಿ ಹೊಡೆಯುತ್ತದೆ ಅಷ್ಟೇ ಎಂದು ತಿಳಿದ ಮೇಲೆ ಅದರತ್ತ ತಿರುಗಿ ನೋಡಲಿಲ್ಲ. ಒಳಗೆ ನೀಲಿ ಎಲ್‌ಇಡಿ ಪಟ್ಟಿಯನ್ನೂ ಅಂಟಿಸಿದ್ದ. ಹಾಡಿಗೆ ತಕ್ಕಂತೆ ಆಲಮಟ್ಟಿಯ ಕಾರಂಜಿಯ ಹಾಗೆ ಬಣ್ಣ ಬದಲಾಗಬೇಕೆಂದು ಅವನ ಆಸೆ. ನನ್ನ ಹತ್ತಿರ ಇದ್ದದ್ದು ವಚನಗಳ ಸಿ.ಡಿ. ಪಟ್ಟಿ ಗೊಂದಲಗೊಂಡು ಒಂದೇ ಬಣ್ಣದಲ್ಲಿ ನಿಂತಿತು.

ಈ ವಿದ್ಯೆಯಲ್ಲಿ ನಿಜವಾದ ಪಂಡಿತರು ನಮ್ಮ ಕಬ್ಬಿನ ಟ್ರ್ಯಾಕ್ಟರಿನವರು. ಕಾರ್ಖಾನೆ ಶುರುವಾದರೆ ಸಾಕು, ಎರಡು ಟ್ರೇಲರ್ ಎಳೆದುಕೊಂಡು, ತಲೆಯ ಮೇಲೆ ಸ್ಪೀಕರು, ಮುಂದೆ ಗೊಂಡೆ, ಬಾನೆಟ್ಟಿನ ಮೇಲೆ ಹೆಸರು, ಮಡ್‌ಗಾರ್ಡಿಗೆ ಝಾಲರಿ. ಎತ್ತಿನ ಸಾಮಾನಿನ ಅಂಗಡಿಯವರ ಹೊಟ್ಟೆ ಈಗ ತುಂಬಿಸುತ್ತಿರುವವರು ಇವರೇ ಇರಬೇಕು. ಹಾಡಿನ ಸದ್ದಿಗೆ ಹಿಂದಿನವರ ಹಾರ್ನು ಅವರಿಗೆ ಕೇಳುವುದಿಲ್ಲ. ಮುಂದಿನ ಶೃಂಗಾರಕ್ಕೆ ಖರ್ಚಾಗಿ ಹಿಂದಿನ ಕೆಂಪು ರಿಫ್ಲೆಕ್ಟರಿಗೆ ದುಡ್ಡು ಉಳಿದಿರುವುದಿಲ್ಲ. ರಾತ್ರಿ ಸಿಂದಗಿಯಿಂದ ಬರುವಾಗ ಕತ್ತಲೆಯಲ್ಲಿ ಇದ್ದಕ್ಕಿದ್ದಂತೆ ಒಂದು ಕಬ್ಬಿನ ಗೋಡೆ ಎದುರಾದ ಮೇಲೆಯೇ ನಾನು ಈ ಗಾಡಿಗೆ ನನ್ನದೇ ಬುದ್ಧಿಯಿಂದ ಒಂದು ಕೆಲಸ ಮಾಡಿಸಿದ್ದು. ಬಲ್ಬು ಬದಲಿಸಲಿಲ್ಲ. ಕಂಪನಿಯ 60/55 ವ್ಯಾಟಿನ ಬಲ್ಬೇ ಸಾಕು. ಹಳೆಯ ಗಾಡಿಗಳಲ್ಲಿ ಕರೆಂಟು ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ ಸಣ್ಣ ತಂತಿಯಲ್ಲಿ ಸುತ್ತಿ ಬರುವಷ್ಟರಲ್ಲಿ ಅರ್ಧ ದಣಿದಿರುತ್ತದೆ. ನಡುವೆ ಒಂದು ರಿಲೇ ಕೂರಿಸಿ, ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರವಾಗಿ ಕೊಟ್ಟರೆ ಅದೇ ಬಲ್ಬು ಮೈಕೊಡವಿ ಏಳುತ್ತದೆ. 100 ವ್ಯಾಟಿನ ಬಲ್ಬು ಹಾಕಿ ಹೋಲ್ಡರು ಕರಗಿಸಿಕೊಳ್ಳುವವರನ್ನು, ಬಿಳಿ ಎಲ್‌ಇಡಿ ಹಾಕಿ ಎದುರಿನವನನ್ನು ಹೊಲಕ್ಕೆ ಇಳಿಸುವವರನ್ನು ಕಂಡಾಗಲೆಲ್ಲ ಈ ರಿಲೇಯ ಮಹಿಮೆ ಹೇಳಬೇಕೆನ್ನಿಸುತ್ತದೆ. ಆದರೆ ನೆಂಟರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ಬಾನೆಟ್ಟಿನೊಳಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದು, ಕಪ್ಪು ಬಣ್ಣ, ಗೊಂಡೆ ಬೇರೆ ಇಲ್ಲ. ಯಾರು ನೋಡುತ್ತಾರೆ?

ನೋಡುವಂಥದ್ದನ್ನು ಹಾಕಿಸಿಕೊಟ್ಟವರು ಬಾಗೇವಾಡಿಯ ಸೋದರಮಾವ. ಬಸವಣ್ಣನವರು ಹುಟ್ಟಿದ ಊರಲ್ಲಿ ಎತ್ತಿಗಿರುವ ಮರ್ಯಾದೆ ಬೇರೆ. ಮಾವನಂತೂ ಕಾರಹುಣ್ಣಿಮೆಗೆ ಕರಿ ಹರಿಯುವ ಓಟದಲ್ಲಿ ಒಂದು ಕಾಲಕ್ಕೆ ತಮ್ಮ ಎತ್ತನ್ನು ಮುಂದೆ ತಂದವರು. ನನ್ನ ಗಾಡಿಯ ಮೂತಿ ನೋಡಿ ಅವರಿಗೆ ಸಂಕಟವಾಯಿತು.

"ಕೋಡಿಲ್ಲದ ದನ ಕಟ್ಟಿದಂಗ ಆಗೈತಲ್ಲೋ ತಮ್ಮಾ. ಬಸವನ ಊರಾಗ ಹಿಂಗ ಬಂದ್ರ ಮಂದಿ ಏನಂದಾರು?"

ಹೀಗೆ ಬಂಪರಿನ ಮುಂದೆ ಸ್ಟೀಲಿನ ಬುಲ್ ಗಾರ್ಡ್ ಬಂತು. ಹೆಸರಿನಲ್ಲೇ ಬುಲ್ ಇರುವುದು ತಿಳಿದು ಮಾವ ಅದಕ್ಕೆ ಪ್ರತ್ಯೇಕ ಕುಂಕುಮ ಹಚ್ಚಿದರು. ಗಾಡಿಯ ಬಂಪರು, ಬಾನೆಟ್ಟು ಇರುವುದೇ ಡಿಕ್ಕಿಯಾದಾಗ ನುಗ್ಗಾಗಿ ಪೆಟ್ಟನ್ನು ತಾವು ತಿನ್ನಲಿಕ್ಕೆ, ಗಟ್ಟಿ ಕಬ್ಬಿಣವನ್ನು ಅಡಿಪಟ್ಟಿಗೇ ಬಿಗಿದರೆ ಪೆಟ್ಟು ನೇರ ಒಳಗಿನವರಿಗೆ ಬರುತ್ತದೆ, ಎದುರಿಗೆ ಸಿಕ್ಕ ಪಾದಚಾರಿಯ ಗತಿ ಇನ್ನೂ ಕೆಟ್ಟದ್ದು ಎಂದು ಹೇಳಿ ನೋಡಿದೆ. "ಗಾಡಿ ನುಗ್ಗಾಗ್ಲಿಕ್ಕೆ ರೊಕ್ಕ ಕೊಟ್ಟೀ ಏನು?" ಅಂದರು. 2017ರ ಡಿಸೆಂಬರಿನಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಪೇಪರಿನಲ್ಲಿ ಸುದ್ದಿ ಓದಿ ಮಾವನಿಗೆ ತೋರಿಸಿದರೆ, "ಕೋಡು ಕೊಯ್ಯಾಕ ಸರ್ಕಾರ ಯಾರು?" ಎಂದು ಎರಡು ದಿನ ಮಾತು ಬಿಟ್ಟರು.

ಹಿಂದಿನ ಗಾಜಿನ ಕಥೆಗೆ ಹೋದರೆ ಅದೊಂದು ಧರ್ಮಸಂಕಟ. ಇಂಡಿಯವರಾದ ನಮಗೆ ಶಾಂತೇಶ್ವರ. ಅವ್ವನಿಗೆ ಬಸವೇಶ್ವರ. ಅತ್ತೆಯ ಮನೆಯವರು ಗೊಲ್ಲಾಳೇಶ್ವರನ ಒಕ್ಕಲು. ಅಕ್ಕ ಹೊಸ ವಾಹನ ಯಾವುದೇ ಬಂದರೂ ಯಲಗೂರ ಹನುಮಪ್ಪನ ಗುಡಿಯ ಮುಂದೆ ನಿಲ್ಲಿಸದೆ ಬಿಡುವವಳಲ್ಲ. ಒಬ್ಬರ ದೇವರನ್ನು ಅಂಟಿಸಿ ಇನ್ನೊಬ್ಬರದನ್ನು ಬಿಡುವ ಧೈರ್ಯ ಯಾರಿಗಿದೆ? ನಾಲ್ವರೂ ಬಂದರು. ಉಳಿದ ಸಂದಿನಲ್ಲಿ "ತಂದೆ ತಾಯಿ ಆಶೀರ್ವಾದ" ಬಂತು, ಬ್ಯಾಂಕಿನ ಹೆಸರಿಗೆ ಜಾಗ ಸಿಗಲಿಲ್ಲ. ಕನ್ನಡಿಯಲ್ಲಿ ದೇವಲೋಕ ಕಾಣುತ್ತಿತ್ತೇ ಹೊರತು ಹಿಂದೆ ಬರುವ ಲಾರಿ ಕಾಣುತ್ತಿರಲಿಲ್ಲ. ಹಿಮ್ಮುಖ ತಿರುಗಿಸುವಾಗ ಅವರನ್ನೇ ನೆನೆಯುತ್ತಿದ್ದೆ.

ಹೆಂಡತಿ ಕೇಳಿದ್ದು ಒಂದೇ, ಕಿಟಕಿಗೆ ಕರಿ ಫಿಲ್ಮು. ಅವಳ ಮಾತಿನಲ್ಲಿ ನ್ಯಾಯವಿತ್ತು. ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯಲ್ಲ. ಬಿಸಿಲಿಗೆ ನಿಂತ ಗಾಡಿಯ ರೆಕ್ಸಿನ್ ಸೀಟಿನ ಮೇಲೆ ಕೂರುವುದೆಂದರೆ ಹಂಚಿನ ಮೇಲೆ ಕೂತಂತೆ. ಫಿಲ್ಮು ಹಾಕಿಸಿದೆವು. 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದು ಕಿತ್ತೆವು. ಗಾಜಿಗೆ ಉಳಿದ ಅಂಟನ್ನು ಇಂಡಿ ಲಿಂಬೆಯಿಂದಲೇ ತಿಕ್ಕಿ ತೆಗೆಯಬೇಕೆಂದು ಅಪ್ಪ, ಸೀಮೆಎಣ್ಣೆಯಿಂದ ಎಂದು ನಾನು. ಕೊನೆಗೆ ಅಂಟು ಬಿಟ್ಟದ್ದು ಯಾವುದಕ್ಕೆ ಎಂಬ ವಾದ ಇನ್ನೂ ಮುಗಿದಿಲ್ಲ.

ಬಿಸಿಲಿನ ಪ್ರಶ್ನೆಗೆ ಉತ್ತರ ಕೊಟ್ಟವರು ಸಿಂದಗಿಯ ಅತ್ತೆ. ಯಾರಿಗೂ ಹೇಳದೆ ಹಿಂದಿನ ಸೀಟಿನ ಉದ್ದಗಲವನ್ನು ಸೀರೆಯ ಸೆರಗಿನಲ್ಲಿ ಅಳೆದುಕೊಂಡು ಹೋಗಿದ್ದರು. ಮುಂದಿನ ಸಲ ಹೋದಾಗ ಕೌದಿ ಸಿದ್ಧವಾಗಿತ್ತು. ತಳಕ್ಕೆ ಮಾವನವರ ಹಳೆಯ ಧೋತರ, ನಡುವೆ ಎರಡು ಪದರ ಸವೆದ ಬಟ್ಟೆ, ಮೇಲೆ ತುಂಡುತುಂಡಾಗಿ ಇಳಕಲ್ ಸೀರೆಗಳು. ಒಂದು ಮೂಲೆಯಲ್ಲಿ ಸೆರಗಿನ ಕೆಂಪು, ಅದರ ಪಕ್ಕ ನನ್ನ ಹೆಂಡತಿಯ ಬಾಣಂತನದ ಕಾಲದ ಹಸಿರು, ಎಲ್ಲೋ ಒಂದು ಕಡೆ ಮಾವನವರ ಅಂಗಿಯ ಕಿಸೆ ಹಾಗೆಯೇ ಉಳಿದಿತ್ತು. ಅಂಚಿನಿಂದ ಶುರುವಾದ ಬಿಳಿದಾರದ ಹೊಲಿಗೆ, ಬೆರಳಗಲ ಸಂದು ಬಿಟ್ಟು, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಂತಿತ್ತು. ಸೀಟ್ ಬೆಲ್ಟಿನ ಕೊಂಡಿ ಹೊರಬರಲು ಎರಡು ಕಾಜಾ ಕೂಡ ಮಾಡಿದ್ದರು. ಹಾಸಿ ಕೂತರೆ ಬಿಸಿಲಿಗೆ ತಂಪು, ಥಂಡಿಗೆ ಬೆಚ್ಚಗೆ. ಆ ಕಿಸೆಯಲ್ಲಿ ನಾನು ಟೋಲಿನ ಚಿಲ್ಲರೆ ಇಡತೊಡಗಿದೆ.

2024ರಲ್ಲಿ ಗಾಡಿಗೆ 15 ವರ್ಷ ತುಂಬಿತು. ಖಾಸಗಿ ಕಾರಿನ ನೋಂದಣಿಯ ಆಯುಷ್ಯ ಅಷ್ಟೇ. ಮುಂದೆ ಐದು ವರ್ಷ ಓಡಿಸಬೇಕಾದರೆ ಗಾಡಿಯನ್ನು ತಪಾಸಣೆಗೆ ಒಯ್ದು ತೋರಿಸಬೇಕು. ಬಾಗೇವಾಡಿಯ ಪೇಂಟರು ಸುತ್ತಿ ಸುತ್ತಿ ಕನ್ನಡ ಅಂಕಿಯಲ್ಲಿ ಬರೆದಿದ್ದ ನಂಬರ್ ಪ್ಲೇಟು ಆಗಲೇ ಹೋಗಿತ್ತು. 2019ರ ಏಪ್ರಿಲ್ 1ಕ್ಕೆ ಮೊದಲಿನ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಆಗಲೇಬೇಕೆಂದು ಸರ್ಕಾರ ಹಟ ಹಿಡಿದು, ದಿನಾಂಕ ಮುಂದೂಡಿ ಮುಂದೂಡಿ ದಣಿದಿತ್ತು. ಈಗ ಉಳಿದದ್ದಕ್ಕೆಲ್ಲ ಮುಹೂರ್ತ ಬಂತು. ಸುದ್ದಿ ಮುಟ್ಟಿದ ವಾರದಲ್ಲೇ ವಾರಸುದಾರರು ತಮ್ಮ ತಮ್ಮ ಸೊತ್ತಿಗೆ ಬಂದರು. ಅಳಿಯ ಬೇಸ್ ಟ್ಯೂಬ್ ಬಿಚ್ಚಿಕೊಂಡು ಹೋದ. ಬುಲ್ ಗಾರ್ಡು ಈಗ ಮಾವನ ಮನೆಯಲ್ಲಿ ಆಡಿನ ಮರಿಗಳು ಹೊರಗೆ ಹೋಗದಂತೆ ಕೊಟ್ಟಿಗೆಗೆ ಅಡ್ಡ ನಿಂತಿದೆ, ಅಲ್ಲಿ ಅದರ ಗಟ್ಟಿತನಕ್ಕೆ ಯಾರ ಆಕ್ಷೇಪವೂ ಇಲ್ಲ. ಹನ್ನೆರಡು ಇಂಚಿನ ಹಳೆಯ ರಿಮ್ಮುಗಳನ್ನು ಅಪ್ಪ ಅಟ್ಟದ ಮೇಲೆ ಎತ್ತಿಟ್ಟಿದ್ದರು. ಅವುಗಳಿಗೆ ಹೊಸ ಟೈರು ಬಂತು, ಮೀಟರು ಮತ್ತೆ ಸತ್ಯ ಹೇಳತೊಡಗಿತು. ದೇವರುಗಳನ್ನು ಕೀಳಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅವ್ವನೇ ಊದಿನಕಡ್ಡಿ ಹಚ್ಚಿ, ಬಿಸಿನೀರಿನ ಅರಿವೆಯಿಂದ ಒಬ್ಬೊಬ್ಬರನ್ನೇ ಇಳಿಸಿದಳು. ಸ್ಪ್ರಿಂಗಿನ ಬಫರಿನ ವಿಚಾರ ಮಿಸ್ತ್ರಿಗೂ ನನಗೂ ಬಿಟ್ಟದ್ದು.

ತಪಾಸಣೆಯ ಸಾಹೇಬರು ಚಾಸಿಸ್ ನಂಬರು ನೋಡಿದರು, ಎಂಜಿನ್ ನಂಬರು ನೋಡಿದರು, ದೀಪ ಹಾಕಿಸಿ, ಹಾರ್ನು ಹೊಡೆಸಿ ನೋಡಿದರು. ಕಂಪನಿಯಿಂದ ಬಂದ ದಿನದ ಹಾಗೆ ಬೋಳುಬೋಳಾಗಿ ನಿಂತಿದ್ದ ಗಾಡಿಯಲ್ಲಿ ಬರೆದುಕೊಳ್ಳಲು ಏನೂ ಸಿಗಲಿಲ್ಲ. ಹಿಂದಿನ ಬಾಗಿಲು ತೆಗೆದವರು ಮಾತ್ರ ಅಲ್ಲೇ ನಿಂತರು. ಕೌದಿಯ ಮೇಲೆ ಅಂಗೈ ಆಡಿಸಿದರು, ಕಿಸೆಯೊಳಗೆ ಬೆರಳು ಹಾಕಿ ಚಿಲ್ಲರೆ ಅಲುಗಿಸಿದರು.

"ಇದನ್ನ ಎಲ್ಲಿ ಹೊಲಿಸೀರಿ? ನಮ್ಮ ಗಾಡಿಗೂ ಒಂದು ಬೇಕಾಗಿತ್ತಲ್ರೀ."

ರಾತ್ರಿ ಹೆಂಡತಿ ಸಿಂದಗಿಗೆ ಫೋನ್ ಹಚ್ಚಿ ಸುದ್ದಿ ಹೇಳಿದಳು. ಅತ್ತೆಯ ದನಿ ಈ ತುದಿಗೆ ನನಗೂ ಕೇಳುವಷ್ಟು ದೊಡ್ಡದಿತ್ತು.

"ಹೊಲಿದು ಕೊಡ್ತೀನವಾ, ಅದಕ್ಕೇನು. ಅವರ ಮನ್ಯಾಗ ಮುದುಕರು ಉಟ್ಟು ಬಿಟ್ಟ ಸೀರಿ ಅದಾವೇನು ಕೇಳಂತ ಹೇಳು ನಿನ್ನ ಗಂಡಗ. ಅಂಗಡಿ ಅರಿವಿ ತಂದ್ರ ನಾ ಸೂಜಿ ಮುಟ್ಟಂಗಿಲ್ಲ."